ಮೂರು ಮಿಲಿಮೀಟರಿನ ಓರೆ

ಮಾವನವರ ಕ್ಯೂ ಎರಡು ವರ್ಷದಿಂದ ಚಿಕ್ಕಳಿಯನ ಮನೆಯ ಗೋಡೆಯಲ್ಲಿತ್ತು. ಒಂದು ಪಕ್ಕಕ್ಕೆ ಒದ್ದೆ ಟವೆಲು, ಇನ್ನೊಂದು ಪಕ್ಕಕ್ಕೆ ಛತ್ರಿ, ನಡುವೆ ಮಾವನವರ ಕ್ಯೂ. ದೊಡ್ಡಳಿಯ ಅದನ್ನು ಮೊದಲ ಸಲ ಕಂಡ ದಿನ ಮುಂದಿಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದ. ಏನಾಯಿತೆಂದು ದಾರಿಯಲ್ಲಿ ಹೆಂಡತಿ ಕೇಳಿದ್ದಕ್ಕೆ ಹಲ್ಲುನೋವು ಎಂದ. ಊರಿಗೆಲ್ಲ ಹಲ್ಲುಸೆಟ್ ಮಾಡಿಕೊಡುವ ಗಂಡನಿಗೆ ಹಲ್ಲುನೋವು ಬಂದದ್ದು ಅವಳಿಗೆ ಎಷ್ಟು ತಮಾಷೆಯಾಗಿ ಕಂಡಿತೆಂದರೆ, ಮನೆ ಸೇರುವ ಮೊದಲೇ ತಂಗಿಗೆ ಫೋನ್ ಮಾಡಿದಳು. ಅಕ್ಕತಂಗಿ ಇಬ್ಬರೂ ಮನಸಾರೆ ನಕ್ಕರು.

ಪೂಲ್ ಆಡುವ ಕೋಲಿಗೆ ಕ್ಯೂ ಎನ್ನುತ್ತಾರೆ, ಅಷ್ಟೆ. ಆದರೆ ಈ ಕೋಲನ್ನು ಮಾವನವರು ನಲವತ್ತು ವರ್ಷ ಹಿಡಿದಿದ್ದರು. ಅವರ ಹೆಬ್ಬೆರಳು ಕೂತು ಕೂತು ಹಿಡಿಯ ಹತ್ತಿರ ಮರದಲ್ಲಿ ಒಂದು ಸಣ್ಣ ತಗ್ಗು ಬಿದ್ದಿತ್ತು. ದೊಡ್ಡಳಿಯನ ಹೆಬ್ಬೆರಳು ಆ ತಗ್ಗಿನಲ್ಲಿ ಅಳತೆ ತೆಗೆದು ಮಾಡಿಸಿದಂತೆ ಕೂರುತ್ತಿತ್ತು. ಚಿಕ್ಕಳಿಯನದು ಅರ್ಧ ಹೊರಗೇ ಉಳಿಯುತ್ತಿತ್ತು. ಮೊಣಕೈ ಅಲ್ಲಾಡಬಾರದು ಎಂದು ಮಾವನವರು ಹನ್ನೊಂದು ವರ್ಷ ಬೈದು ಬೈದು ತಿದ್ದಿದ್ದು ದೊಡ್ಡಳಿಯನನ್ನು. ಚಿಕ್ಕಳಿಯ ಈ ಮನೆಯ ಅಳಿಯನಾಗಿ ಬಂದಾಗ, ಕ್ಯೂವಿನ ಯಾವ ತುದಿಯಿಂದ ಹೊಡೆಯಬೇಕೆಂಬುದೂ ಅವನಿಗೆ ಗೊತ್ತಿರಲಿಲ್ಲ.

ಹೀಗಿದ್ದೂ ಮಾವನವರು ತೀರಿಕೊಳ್ಳುವ ಮುಂಚೆ, ಹೆಣ್ಣುಮಕ್ಕಳಿಬ್ಬರ ನಡುವೆ ಭೇದ ಮಾಡಬಾರದೆಂದು, ತಾವೇ ಕಟ್ಟಿದ ಕ್ಲಬ್ಬಿನ ವಾರ್ಷಿಕ ಸ್ಪರ್ಧೆಗೆ ಒಂದು ಷರತ್ತು ಸೇರಿಸಿ ಹೋದರು. ಗೆದ್ದವರ ಮನೆಯಲ್ಲಿ ಕ್ಯೂ ಒಂದು ವರ್ಷ ಇರತಕ್ಕದ್ದು. ಸತತ ಮೂರು ವರ್ಷ ಗೆದ್ದವರಿಗೆ ಅದು ಖಾಯಂ. ಚಿಕ್ಕಳಿಯ ಎರಡು ಸಲ ಗೆದ್ದಾಗಿತ್ತು. ಇನ್ನೊಂದು ಸಲ ಗೆದ್ದರೆ ಆ ಹೆಬ್ಬೆರಳಿನ ತಗ್ಗು ಜೀವಮಾನವಿಡೀ ಒದ್ದೆ ಟವೆಲಿನ ಪಕ್ಕದಲ್ಲೇ.

ಅವನು ಗೆಲ್ಲುವ ರೀತಿಯಾದರೂ ಸಹಿಸುವಂತಿದ್ದರೆ ಬೇರೆ ಮಾತು. ಚಿಕ್ಕಳಿಯನದು ಹಾಸಿಗೆ ಅಂಗಡಿ. ಮಧ್ಯಾಹ್ನವೆಲ್ಲ ಅಲ್ಲೇ ಯಾವುದಾದರೊಂದು ಹೊಸ ಹಾಸಿಗೆಯ ಮೇಲೆ ಮಲಗಿ, ಗಿರಾಕಿ ಬಂದರೆ ಮಲಗಿದ್ದಂತೆಯೇ ಅದರ ಗುಣ ವರ್ಣಿಸಿ ಮಾರುತ್ತಿದ್ದ. ಪ್ರಾಕ್ಟೀಸ್ ಎಂಬುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ.

"ಅಣ್ಣಾ, ಜಾಸ್ತಿ ಆಡಿದ್ರೆ ಕೈ ಬಿಗಿಯತ್ತೆ," ಎಂದಿದ್ದ ಹೋದ ವರ್ಷ ಗೆದ್ದ ಕ್ಯೂ ಹಿಡಿದುಕೊಂಡು. "ನಾನ್ ನೋಡಿ, ಒಂದ್ ನಿದ್ದೆ ಮಾಡ್ಕೊಂಡ್ ಬರ್ತೀನಿ ಅಷ್ಟೆ. ನಿಮಗೂ ಒಂದ್ ಒಳ್ಳೆ ಹಾಸಿಗೆ ಕಳಿಸ್ಲಾ?"

ಹಾಸಿಗೆ ಬೇಡವೆಂದು ದೊಡ್ಡಳಿಯ ನಕ್ಕಿದ್ದ. ಆ ನಗುವಿಗೆ ಅವನು ಪಟ್ಟ ಕಷ್ಟವನ್ನು ಅವನ ದವಡೆಯ ಮೂಳೆಗಳೇ ಬಲ್ಲವು.

ಸ್ಪರ್ಧೆಗೆ ಕಾರ್ಡಿನ ಆಟ ಎಂದು ಹೆಸರು. ಬಣ್ಣದ ಚೆಂಡನ್ನು ಪಾಕೆಟ್ಟಿಗೆ ಬೀಳಿಸುವುದು ಯಾರ ಕೈಲಾದರೂ ಆಗುತ್ತದೆ, ಅದಾದ ಮೇಲೆ ಬಿಳಿ ಚೆಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದರಲ್ಲಿ ಮನುಷ್ಯನ ಗುಣ ಗೊತ್ತಾಗುತ್ತದೆ ಎನ್ನುವುದು ಮಾವನವರ ಮಾತು. ಅದಕ್ಕಾಗಿ ಹತ್ತು ಹೊಡೆತಗಳನ್ನು ಅವರೇ ಕಟ್ಟಿದ್ದರು. ಪ್ರತಿ ಹೊಡೆತಕ್ಕೂ ಮೇಜಿನ ಮೇಲೆ ಒಂದು ಜಾಗದಲ್ಲಿ ಅಂಚೆ ಕಾರ್ಡು. ಬಣ್ಣದ ಚೆಂಡು ಬಿದ್ದು, ಬಿಳಿ ಚೆಂಡು ಹೋಗಿ ಆ ಕಾರ್ಡಿನ ಮೇಲೆ ನಿಂತರೆ ಒಂದು ಅಂಕ. ಮೊದಲಿನ ಮೂರು ಸುಲಭ. ನಾಲ್ಕನೆಯದರಲ್ಲಿ ಬಿಳಿ ಚೆಂಡು ಬಡಿದು ವಾಪಸು ಬಂದು ನಿಲ್ಲಬೇಕು. ಏಳನೆಯದರಲ್ಲಿ ಮೂರು ಅಂಚಿಗೆ ತಾಗಿ ಮೇಜನ್ನೆಲ್ಲ ಸುತ್ತಿ, ಸುಸ್ತಾದ ಮುದುಕನಂತೆ ನಿಧಾನವಾಗಿ ಬಂದು ಕಾರ್ಡಿನ ಮೇಲೆ ಕೂರಬೇಕು. ಹತ್ತನೆಯದನ್ನು ಮಾವನವರು ಬಿಟ್ಟರೆ ಇನ್ನಾರೂ ಸರಿಯಾಗಿ ಹೊಡೆದದ್ದು ಕ್ಲಬ್ಬಿನ ಪುಸ್ತಕದಲ್ಲಿ ದಾಖಲಾಗಿಲ್ಲ.

ಇನ್ನೊಂದು ನಿಯಮವಿತ್ತು. ಒಬ್ಬ ಆಡುವಾಗ ಮಿಕ್ಕ ಸ್ಪರ್ಧಿಗಳು ಪಕ್ಕದ ಕೇರಂ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರಬೇಕು. ಮೊದಲು ಆಡಿದವನ ತಪ್ಪು ನೋಡಿ ಕೊನೆಯವನು ಕಲಿಯಬಾರದು. ಜನ ಬಂದು ಕೂರುವ ಮೊದಲೇ ಎಲ್ಲರನ್ನೂ ಒಳಗೆ ಕಳಿಸಿಬಿಡುತ್ತಿದ್ದರು.

ಉಪಾಯ ಹೊಳೆದದ್ದು ಕೆಲಸದ ಮೇಜಿನ ಮೇಲೆಯೇ. ಒಂದು ಕೆಳದವಡೆಯ ಸೆಟ್ಟು ಅಚ್ಚಿನ ಮೇಲೆ ಸರಿಯಾಗಿ ಕೂರದೆ ಟಕ್ ಟಕ್ ಎನ್ನುತ್ತಿತ್ತು. ನೋಡಿದರೆ ಒಂದು ಕಡೆ ಗುಲಾಬಿ ವಸಡು ಕೂದಲೆಳೆಯಷ್ಟು ದಪ್ಪ. ಅಷ್ಟಕ್ಕೇ ಇಡೀ ದವಡೆ ಓರೆಯಾಗಿ, ಹದಿನಾಲ್ಕು ಹಲ್ಲುಗಳೂ ಎಲ್ಲಿಗೋ ಹೊರಟು ನಿಂತಿದ್ದವು. ಉಜ್ಜುವ ಕೈಯನ್ನು ಅಲ್ಲೇ ನಿಲ್ಲಿಸಿ ದೊಡ್ಡಳಿಯ ಬಹಳ ಹೊತ್ತು ಆ ಸೆಟ್ಟನ್ನೇ ನೋಡಿದ. ಸೆಟ್ಟೂ ಅವನನ್ನು ನೋಡಿ ಹಲ್ಲು ಕಿರಿಯಿತು.

ಮೇಜು ಓರೆಯಾದರೆ ಎಲ್ಲರಿಗೂ ಓರೆ. ಆದರೆ ಓರೆ ಮೇಜಿನ ಮೇಲೆಯೇ ನಲವತ್ತು ದಿನ ಅಭ್ಯಾಸ ಮಾಡಿದವನೊಬ್ಬನಿದ್ದರೆ, ಅವನೊಬ್ಬನಿಗೆ ಅದು ನೇರ.

ಇದರಲ್ಲಿ ಕಳ್ಳತನವೇನಿದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಯಾರ ಚೆಂಡನ್ನೂ ಮುಟ್ಟುವುದಿಲ್ಲ, ಯಾರ ಅಂಕವನ್ನೂ ತಿದ್ದುವುದಿಲ್ಲ. ಕಷ್ಟಪಡುವವನು ತಾನು, ನಿದ್ದೆ ಮಾಡುವವನು ಅವನು. ಆತ್ಮಸಾಕ್ಷಿ ಸ್ವಲ್ಪ ಗೊಣಗಿ ಸುಮ್ಮನಾಯಿತು. ಹೆಬ್ಬೆರಳಿನ ತಗ್ಗು ಅದಕ್ಕೂ ನೆನಪಿತ್ತು.

ಬಿಲ್ಲೆಗಳನ್ನು ಅವನು ಹಲ್ಲುಸೆಟ್ಟಿನ ವಸಡಿಗೆ ಬಳಸುವ ಗುಲಾಬಿ ಪುಡಿಯಿಂದಲೇ ಎರಕ ಹೊಯ್ದ. ಎರಡು ಬಿಲ್ಲೆ, ಒಂದೊಂದೂ ಅಂಗೈಯಗಲ, ದಪ್ಪ ಕರಾರುವಾಕ್ಕಾಗಿ ಮೂರು ಮಿಲಿಮೀಟರು. ಎರಡಕ್ಕೆ ಇಳಿಸಿದರೆ ಚೆಂಡಿಗೆ ಅರ್ಥವಾಗುವುದಿಲ್ಲ, ನಾಲ್ಕಕ್ಕೆ ಏರಿಸಿದರೆ ಕಣ್ಣಿಗೆ ಗೊತ್ತಾಗುತ್ತದೆ. ಮೂರೇ ಸರಿ. ಕೆಲಸದ ಅಭ್ಯಾಸಬಲದಿಂದ ಅವುಗಳಿಗೆ ಹೊಳಪನ್ನೂ ಕೊಟ್ಟ. ಮೇಜಿನ ಕಾಲಿಗಲ್ಲ, ಯಾವುದೋ ಅದೃಷ್ಟವಂತ ಬಾಯಿಗೆ ಹೋಗಬೇಕಾಗಿದ್ದ ವಸ್ತು ಎನ್ನಿಸುವಷ್ಟು ಚೆನ್ನಾಗಿದ್ದವು.

ಕ್ಲಬ್ಬಿನ ಕಾರ್ಯದರ್ಶಿ ಅವನೇ ಆದ್ದರಿಂದ ಬೀಗದ ಕೈ ಅವನಲ್ಲೇ ಇತ್ತು. ಪ್ರತಿದಿನ ಬೆಳಗ್ಗೆ ಆರಕ್ಕೆ, ಕೈಚೀಲದಲ್ಲಿ ಕಾರಿನ ಜ್ಯಾಕ್ ಹಾಕಿಕೊಂಡು ಹೊರಡುತ್ತಿದ್ದ. ಕ್ಲಬ್ಬು ಇದ್ದದ್ದು ಹಳೆಯ ಕಟ್ಟಡವೊಂದರ ಮಹಡಿಯಲ್ಲಿ; ಹಲಗೆಯ ನೆಲ. ಖಾಲಿ ಕೋಣೆಯಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಕಿರ್ ಎನ್ನುತ್ತಿತ್ತು. ಕಿಟಕಿ ಪಕ್ಕದ ಎರಡು ಕಾಲುಗಳನ್ನು ಒಂದೊಂದಾಗಿ ಜ್ಯಾಕಿನಿಂದ ಎತ್ತಿ, ಬಿಲ್ಲೆ ಸೇರಿಸಿ ಇಳಿಸುತ್ತಿದ್ದ. ಆ ಕಾಲುಗಳನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಅವುಗಳ ಬುಡ ಸದಾ ನೆರಳಲ್ಲಿರುತ್ತದೆ, ಅತ್ತ ಯಾರೂ ಬಗ್ಗುವುದಿಲ್ಲ. ಆಮೇಲೆ ಒಂದು ಗಂಟೆ ಅಭ್ಯಾಸ. ಏಳೂವರೆಗೆ ಬಿಲ್ಲೆ ತೆಗೆದು, ಜ್ಯಾಕ್ ಚೀಲಕ್ಕೆ ಹಾಕಿಕೊಂಡು, ಮನೆಗೆ.

"ಅದೇನ್ರೀ ಚೀಲ ಅಷ್ಟು ಭಾರ?" ಎಂದಳು ಹೆಂಡತಿ ಮೂರನೇ ದಿನ.

"ವ್ಯಾಯಾಮದ ಸಾಮಾನು."

"ಓಹೋ. ಮದುವೆಯಾಗಿ ಹದಿನೈದು ವರ್ಷಕ್ಕೆ ಬುದ್ಧಿ ಬಂತು." ಅವಳು ಅವನ ತೋಳನ್ನು ಒತ್ತಿ ನೋಡಿದಳು. "ಬೆರಳಲ್ಲೇನು ನೀಲಿ?"

"ಶಕ್ತಿ ಹಾಕ್ದಾಗ ನರ ಉಬ್ಬತ್ತೆ," ಎಂದು ಕ್ಯೂ ತುದಿಗೆ ಬಳಿಯುವ ನೀಲಿ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಅಂದಿನಿಂದ ಅವಳು ಬೆಳಗ್ಗೆ ಎರಡು ಮೊಟ್ಟೆ ಹೆಚ್ಚು ಬೇಯಿಸಿದಳು.

ಮೊದಲ ವಾರ ಬಿಳಿ ಚೆಂಡು ಅವನನ್ನು ಅಳಿಸಿತು. ಜೋರಾಗಿ ಓಡುವಾಗ ಓರೆ ಗೊತ್ತಾಗುವುದಿಲ್ಲ. ವೇಗ ಸತ್ತು, ಇನ್ನೇನು ನಿಂತಿತು ಎನ್ನುವಾಗ ಮೆಲ್ಲನೆ ಮುಖ ತಿರುಗಿಸಿ, ಯಾರೋ ಕರೆದಂತೆ, ಕಿಟಕಿಗೆ ಎದುರಿನ ಗೋಡೆಯ ಕಡೆಗೆ ನಾಲ್ಕು ಬೆರಳು ಜಾರಿ ನಿಲ್ಲುತ್ತಿತ್ತು. ಎಂದರೆ ಕಾರ್ಡಿಗಿಂತ ನಾಲ್ಕು ಬೆರಳು ಕಿಟಕಿಯ ಕಡೆಗೆ ಗುರಿ ಇಡಬೇಕು. ಎಲ್ಲ ಹೊಡೆತಕ್ಕೂ ನಾಲ್ಕಲ್ಲ. ಎರಡನೆಯದಕ್ಕೆ ಒಂದು, ನಾಲ್ಕನೆಯದಕ್ಕೆ ಎರಡು, ಮೇಜು ಸುತ್ತುವ ಏಳನೆಯದಕ್ಕೆ ಆರು. ಇದನ್ನೆಲ್ಲ ಅವನು ಒಂದು ಪುಸ್ತಕದಲ್ಲಿ ಬರೆದಿಟ್ಟ. ಯಾರ ಕೈಗಾದರೂ ಸಿಕ್ಕೀತೆಂದು ಹಲ್ಲಿನ ಭಾಷೆಯಲ್ಲಿ ಬರೆದ: 'ಕೆಳಗೆ, ಬಲಕ್ಕೆ, ಏಳನೆಯದು: ಆರು ಬೆರಳು ಕಿಟಕಿಗೆ.' ಅವನ ಸಹಾಯಕಿ ಒಂದು ಮಧ್ಯಾಹ್ನ ಆ ಪುಟ ನೋಡಿ, "ಸಾರ್, ಈ ಪೇಷಂಟ್ ಪಾಪ ಬದುಕಿದಾರಾ?" ಎಂದು ಕೇಳಿದಳು.

ಇಪ್ಪತ್ತನೇ ದಿನಕ್ಕೆ ಆರು ಅಂಕ ಬಂತು. ಮೂವತ್ತಕ್ಕೆ ಎಂಟು. ಮೊಣಕೈ ಕಂಬದಂತೆ ನಿಂತಿತು, ಉಸಿರು ಹದಕ್ಕೆ ಬಂತು. ಹನ್ನೊಂದು ವರ್ಷ ಬೈಸಿಕೊಂಡರೂ ಬಾರದ್ದು ಒಂದು ತಿಂಗಳಲ್ಲಿ ಬಂದಿತ್ತು. ಈ ಕೈಯಲ್ಲಿ ನೇರ ಮೇಜಿನ ಮೇಲೆ ಆಡಿದರೂ ಗೆಲ್ಲಬಹುದಲ್ಲ ಎಂದು ಒಂದು ಬೆಳಗ್ಗೆ ಒಂದು ಯೋಚನೆ ತಲೆ ಹಾಕಿತು. ಇಷ್ಟು ಹೊಳಪು ಕೊಟ್ಟ ಬಿಲ್ಲೆಗಳನ್ನು ಏನು ಮಾಡುವುದು ಎಂದು ಅವನು ಅದನ್ನು ಅಲ್ಲಿಂದಲೇ ವಾಪಸು ಕಳಿಸಿದ. ಮೂವತ್ತೆಂಟನೇ ದಿನ, ಹತ್ತನೇ ಹೊಡೆತದಲ್ಲಿ ಬಿಳಿ ಚೆಂಡು ಎರಡು ಅಂಚಿಗೆ ತಾಗಿ, ಮೇಲುಗಡೆಗೆ ಹೋದಂತೆ ಮಾಡಿ, ಮನಸ್ಸು ಬದಲಿಸಿ, ಜಾರಿ ಬಂದು ಕಾರ್ಡಿನ ನಟ್ಟನಡುವೆ ನಿಂತಿತು. ಹತ್ತಕ್ಕೆ ಹತ್ತು. ಖಾಲಿ ಕೋಣೆಯಲ್ಲಿ ದೊಡ್ಡಳಿಯ ಕಣ್ಣು ಒರೆಸಿಕೊಂಡ. ಮಾವನವರ ಫೋಟೋ ಗೋಡೆಯ ಮೇಲಿತ್ತು. ಅವರ ಕಡೆಗೆ ಮಾತ್ರ ಅವನು ತಿರುಗಲಿಲ್ಲ.

ಉಳಿದದ್ದು ಸಣ್ಣಪುಟ್ಟ ಕೆಲಸ. ಕ್ಲಬ್ಬಿನಲ್ಲಿ ಮೂವತ್ತು ವರ್ಷದಿಂದ ಚೆಂಡು ಒರೆಸಿ ಅಂಕ ಬರೆಯುವ ಮಾರ್ಕರ್ ತಾತನ ಹತ್ತಿರ ಗಾರೆಯವರು ಬಳಸುವಂಥ ಒಂದು ರಸಮಟ್ಟವಿತ್ತು. ಮೇಜು ಸಮವಾಗಿದೆಯೇ ಎಂದು ಅದರ ಗುಳ್ಳೆ ಹೇಳಿಬಿಡುತ್ತದೆ. ಸ್ಪರ್ಧೆಯ ಹಿಂದಿನ ದಿನ ರಸಮಟ್ಟ ಮೊಳೆಯಿಂದ ಮಾಯವಾಗಿ ದೊಡ್ಡಳಿಯನ ಪ್ಲಾಸ್ಟರ್ ಡಬ್ಬದ ತಳ ಸೇರಿತು. ತಾತ ಅದರ ಬಗ್ಗೆ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಪ್ರತಿ ವರ್ಷದಂತೆ ಒಂದು ಮೂಲೆಯಲ್ಲಿ ಕೂತು ಖಾಲಿ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಚೌಕ ಚೌಕ ಮಾಡಿಕೊಳ್ಳುತ್ತಿದ್ದ. ವಯಸ್ಸಾದ ಮೇಲೆ ಮನುಷ್ಯನಿಗೆ ಏನಾದರೊಂದು ಹವ್ಯಾಸ ಬೇಕು ಎಂದುಕೊಂಡ ದೊಡ್ಡಳಿಯ.

ಕುರ್ಚಿಗಳನ್ನು ಅವನೇ ನಿಂತು ಹಾಕಿಸಿದ. ಪ್ರತಿ ವರ್ಷದ ಎರಡು ಸಾಲು ಈ ಸಲ ಸಾಲದು. ತನ್ನ ಗೆಲುವನ್ನು ಇಡೀ ಬಳಗ ಕಣ್ತುಂಬ ನೋಡಬೇಕೆಂದು ಹೆಂಡತಿಯ ಚಿಕ್ಕಪ್ಪಂದಿರು, ದೊಡ್ಡಮ್ಮಂದಿರು, ಅವರ ಬೀಗರು, ಬೀಗರ ಮನೆಗೆ ಬಂದಿದ್ದ ನೆಂಟರು ಎಲ್ಲರಿಗೂ ಖುದ್ದಾಗಿ ಫೋನ್ ಮಾಡಿದ್ದ. ಕಿಟಕಿ ಪಕ್ಕಕ್ಕೆ ನಾಲ್ಕು ಸಾಲು, ಎದುರುಗಡೆ ಗೋಡೆ ಪೂರ್ತಿ ಖಾಲಿ. ಫೋಟೋದಲ್ಲಿ ತನ್ನ ಹಿಂದೆ ಯಾರ ತಲೆಯೂ ಬರಬಾರದು. ಮುಂದಿನ ಸಾಲಿನ ನಡುವೆ ಅತ್ತೆಯವರಿಗೆಂದು ಒಂದು ಸೋಫಾ ಬೇಕಿತ್ತು. ಚಿಕ್ಕಳಿಯ ತನ್ನ ಅಂಗಡಿಯಿಂದ ತೇಗದ ಸೋಫಾ ಒಂದನ್ನು ಕಳಿಸಿಕೊಟ್ಟ; ನಾಲ್ಕು ಜನ ಉಸಿರು ಬಿಡುತ್ತ ಮೆಟ್ಟಿಲು ಹತ್ತಿಸಿದರು. ಮೋಸ ಹೋಗುವವನೇ ಸೋಫಾ ಕೊಡುತ್ತಾನೆ ಎಂದರೆ ಇದಕ್ಕಿಂತ ಅಚ್ಚುಕಟ್ಟಾದ ಯೋಜನೆ ಇರಲು ಸಾಧ್ಯವಿಲ್ಲ ಎನ್ನಿಸಿತು ದೊಡ್ಡಳಿಯನಿಗೆ. ಭಾನುವಾರ ಬೆಳಗ್ಗೆ ಆರಕ್ಕೆ ಬಿಲ್ಲೆಗಳನ್ನು ಕೊನೆಯ ಸಲ ಸೇರಿಸಿದ. ಸಮಾಧಾನಕ್ಕೆ ಒಂದೇ ಒಂದು ಚೆಂಡು ಬಿಟ್ಟು ನೋಡಿದ. ನಾಲ್ಕು ಬೆರಳು, ಗೋಡೆಯ ಕಡೆಗೆ.

ಹನ್ನೊಂದು ಗಂಟೆಗೆ ಐವರು ಸ್ಪರ್ಧಿಗಳು ಕೇರಂ ಕೋಣೆ ಸೇರಿದರು: ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಔಷಧಿ ಅಂಗಡಿಯವರು, ಟೈಲರ್ ಮತ್ತು ಅಳಿಯಂದಿರಿಬ್ಬರು. ಚೀಟಿ ಎತ್ತಿದಾಗ ದೊಡ್ಡಳಿಯನಿಗೆ ಕೊನೆಯ ಸರದಿ ಬಂತು. ಚಿಕ್ಕಳಿಯ ಬೆಂಚಿನ ಮೇಲೆ ಕಾಲು ಚಾಚಿ ಐದೇ ನಿಮಿಷದಲ್ಲಿ ಗೊರಕೆ ಹೊಡೆದ.

ಬಾಗಿಲಾಚೆ ಕುರ್ಚಿ ಎಳೆಯುವ ಸದ್ದು, ಅತ್ತೆಯವರ ದನಿ, ಯಾರದೋ ಕೆಮ್ಮು. ಮೇಷ್ಟ್ರ ಸರದಿ ಬಂತು. ದೊಡ್ಡಳಿಯ ಬಾಗಿಲಿಗೆ ಕಿವಿ ಕೊಟ್ಟ. ಚಪ್ಪಾಳೆ ಕೇಳಿಸಿತು. ಪಾಪ, ಸಮಾಧಾನಕ್ಕೆ ತಟ್ಟುತ್ತಿದ್ದಾರೆ. ಔಷಧಿ ಅಂಗಡಿಯವರಿಗೂ ಚಪ್ಪಾಳೆ ಬಿತ್ತು. ಎಷ್ಟು ಒಳ್ಳೆಯ ಜನ. ಟೈಲರಿಗೆ ಒಂದು "ಅಯ್ಯೋ" ಬಂತು, ಅದು ಕಿವಿಗೆ ಜೇನು ಸುರಿದಂತಾಯಿತು. ಚಿಕ್ಕಳಿಯನನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.

"ಹೋಗ್ಬರ್ತೀನಿ ಅಣ್ಣಾ," ಎಂದು ಆಕಳಿಸುತ್ತ ಹೋದ.

"ನಿಧಾನವಾಗಿ ಆಡಪ್ಪಾ," ಎಂದ ದೊಡ್ಡಳಿಯ. ನಿಧಾನವಾಗಿ ಆಡಿದಷ್ಟೂ ಓರೆ ಹೆಚ್ಚು.

ಆಚೆ ಚಪ್ಪಾಳೆ ಏಳು ಸಲ ಬಂತು. ಎಂಟನೆಯ ಸಲ ಶಿಳ್ಳೆಯೂ ಸೇರಿತು. ಸೋಲುವವನಿಗೆ ಇಷ್ಟು ಪ್ರೋತ್ಸಾಹ ಕೊಡುವ ಬಳಗವನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ಅವನು ಹೊರಗೆ ಬಂದಾಗ ಇಡೀ ಕೋಣೆ ಕಿಟಕಿಯ ಕಡೆ ತುಂಬಿ ತುಳುಕುತ್ತಿತ್ತು. ಕೂರಲು ಜಾಗವಿಲ್ಲದವರು ಕುರ್ಚಿಗಳ ಹಿಂದೆ ನಿಂತಿದ್ದರು. ಹಲಗೆ ಇವತ್ತು ಅವನ ಹೆಜ್ಜೆಗೆ ಕಿರ್ ಎನ್ನಲಿಲ್ಲ. ಅದನ್ನೂ ಅವನು ಒಳ್ಳೆಯ ಶಕುನವೆಂದೇ ಬಗೆದ. ಹೆಂಡತಿ ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

ಮೊದಲ ಹೊಡೆತ ನೇರ ಬಡಿದು ನಿಲ್ಲುವಂಥದು. ಅಂಕ ಬಂತು. ಎರಡನೆಯದಕ್ಕೆ ಒಂದು ಬೆರಳು ಕಿಟಕಿಗೆ ಗುರಿ ಇಟ್ಟ. ಬಿಳಿ ಚೆಂಡು ಹೋಯಿತು, ನಿಧಾನವಾಯಿತು, ಅವನು ಕಾದ. ಅದು ಎಲ್ಲಿಗೆ ಹೋಗಿತ್ತೋ ಅಲ್ಲೇ ನಿಂತಿತು. ಕಾರ್ಡಿನಿಂದ ಒಂದು ಬೆರಳು ಕಿಟಕಿಗೆ.

ಬಟ್ಟೆಯ ಮೇಲೆ ಧೂಳಿರಬೇಕು. ಮೂರನೆಯದು ನೇರದ್ದೇ, ಅಂಕ ಬಂತು. ನಾಲ್ಕನೆಯದು, ಎರಡು ಬೆರಳು ಕಿಟಕಿಗೆ. ಐದನೆಯದು, ಮೂರು. ಚೆಂಡು ಜಾರಲಿಲ್ಲ. ಅವನು ಅದನ್ನು ಕಣ್ಣಿನಿಂದ ಎಳೆದ, ಸೊಂಟದಿಂದ ಬಾಗಿಸಿದ, ಒಂದು ಕಾಲನ್ನೂ ಎತ್ತಿದ. ಹಿಂದಿನ ಸಾಲಿನ ಚಿಕ್ಕಪ್ಪನೊಬ್ಬರು, "ಕಾಲು ಹಿಡ್ಕೊಂಡಿದ್ಯಾ?" ಎಂದು ವಿಚಾರಿಸಿದರು. ಗುರಿ ನೇರ ಇಡಬೇಕೆಂದು ತಲೆ ಹೇಳುತ್ತಿತ್ತು. ಆದರೆ ನಲವತ್ತು ದಿನದ ಕೈ ತಲೆಯ ಮಾತಿಗೆ ಸೊಪ್ಪು ಹಾಕಲಿಲ್ಲ. ಏಳನೆಯದರಲ್ಲಿ ಬಿಳಿ ಚೆಂಡು ಮೇಜನ್ನೆಲ್ಲ ಸುತ್ತಿ ರಾಜಗಾಂಭೀರ್ಯದಿಂದ ಬಂದು ಕಾರ್ಡಿನಿಂದ ಸರಿಯಾಗಿ ಆರು ಬೆರಳು ಕಿಟಕಿಯ ಕಡೆ ನಿಂತಿತು. ಹತ್ತನೆಯದು ನಾಲ್ಕು ಬೆರಳು ಕಿಟಕಿಯ ಕಡೆ. ಇಷ್ಟು ನಿಖರವಾಗಿ ತಪ್ಪುವುದಕ್ಕೂ ಅಭ್ಯಾಸ ಬೇಕು.

ಹತ್ತಕ್ಕೆ ಎರಡು. ಚಿಕ್ಕಳಿಯನಿಗೆ ಎಂಟು.

ಕ್ಯೂ ಖಾಯಂ ಆಗಿ ಚಿಕ್ಕಳಿಯನ ಕೈ ಸೇರಿತು. ಅವನು ಹೆಬ್ಬೆರಳನ್ನು ತಗ್ಗಿನಲ್ಲಿ ಅರ್ಧ ಹೊರಗಿಟ್ಟು ಫೋಟೋಗೆ ನಿಂತ. ಹಿಂದೆ ಯಾರ ತಲೆಯೂ ಬರಲಿಲ್ಲ. ಆಗ ಮಾರ್ಕರ್ ತಾತ ಗಂಟಲು ಸರಿಮಾಡಿಕೊಂಡು, ಒಂದು ಮಾತಿದೆ ಎಂದು ಟಾರ್ಚು ತೆಗೆದು, ಕಿಟಕಿ ಪಕ್ಕದ ಕಾಲಿನ ಬುಡಕ್ಕೆ ಬೆಳಕು ಬಿಟ್ಟ. ಗುಲಾಬಿ ಬಿಲ್ಲೆ ಫಳಫಳ ಹೊಳೆಯಿತು. ದೊಡ್ಡಳಿಯ ಹಿಂದೆ ಸರಿದು ಎದುರಿನ ಗೋಡೆಗೆ ಒರಗಿಕೊಂಡ. ಸೋಫಾದಿಂದ ಬಗ್ಗಿ ನೋಡಿದ ಅತ್ತೆಯವರು, "ಅರೆ, ಇದು ನನ್ನ ವಸಡಿನ ಬಣ್ಣ," ಎಂದು, ಯಾರಿಗಾದರೂ ಸಂಶಯ ಬಂದೀತೆಂದು ಬಾಯಿಂದ ಕೆಳಗಿನ ಸೆಟ್ಟು ತೆಗೆದು ಪಕ್ಕದಲ್ಲಿ ಹಿಡಿದರು. ಒಂದೇ ಬಣ್ಣ. ನಲವತ್ತು ಜೋಡಿ ಕಣ್ಣು ದೊಡ್ಡಳಿಯನ ಕಡೆ ತಿರುಗಿದವು.

"ನಿಮಗ್ಯಾರಿಗೂ ಗೊತ್ತಿಲ್ಲ," ಎಂದ ತಾತ. "ಹಲಗೆ ನೆಲ ಅಲ್ವಾ, ಜನ ಬಂದು ಕೂತ್ರೆ ಕಿಟಕಿ ಕಡೆ ಕುಸಿಯತ್ತೆ, ಮೇಜೂ ಆ ಕಡೆ ವಾಲತ್ತೆ. ಅದಕ್ಕೇ ಆಡೋರು ಕೇರಂ ರೂಮಿಗೆ ಹೋದ್ಮೇಲೆ, ಜನ ಎಲ್ಲ ಕೂತ್ಮೇಲೆ, ನಾನೇ ಆ ಕಾಲುಗಳ ಕೆಳಗೆ ರಟ್ಟು ತುರುಕ್ತೀನಿ, ಪ್ರತಿ ವರ್ಷ. ಈ ಸಲ ಜನ ಜಾಸ್ತಿ, ಮೇಲೆ ಸೋಫಾ ಬೇರೆ, ರಸಮಟ್ಟನೂ ಸಿಗ್ಲಿಲ್ಲ, ಏನಪ್ಪಾ ಮಾಡೋದು ಅಂತ ಬಗ್ಗಿ ನೋಡ್ತೀನಿ, ನಮ್ಮ ದೊಡ್ಡಳಿಯಂದ್ರು ಬಾಯಿ ಬಿಡದೆ ಮೂರು ಮಿಲಿಮೀಟರ್ ಲೆಕ್ಕ ಹಾಕಿ ಇಟ್ಟಿದಾರೆ. ಚೆಂಡು ಬಿಟ್ಟು ನೋಡಿದೆ, ಕೂದ್ಲಷ್ಟೂ ಜಾರ್ಲಿಲ್ಲ. ಮೂವತ್ತು ವರ್ಷದಲ್ಲಿ ಈ ಮೇಜು ಇಷ್ಟು ನೇರ ಇದ್ದಿದ್ದೇ ಇಲ್ಲ." ಚಿಕ್ಕಳಿಯ ಬಂದು, "ಅಣ್ಣಾ, ನೀವು ದೇವ್ರು," ಎಂದು ಬಿಗಿಯಾಗಿ ತಬ್ಬಿಕೊಂಡ. ಹೆಂಡತಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಮುಂದಿನ ವರ್ಷವೂ ಅವರೇ ಮಾಡಿಕೊಡಲಿ ಎಂದು ಯಾರೋ ಕೂಗಿದರು, ಇಡೀ ಬಳಗ ಒಟ್ಟಿಗೆ ಧಡಾರನೆ ಎದ್ದು ಅವನ ಕೈ ಕುಲುಕಲು ಗೋಡೆಯ ಕಡೆಗೆ ಬಂತು. ಹಲಗೆಗಳು ಕಿರ್ ಎಂದು ಮೇಲೆದ್ದವು. ಎಲ್ಲರ ತಲೆಗಳ ಸಂದಿನಿಂದ ದೊಡ್ಡಳಿಯ ಮೇಜನ್ನೊಮ್ಮೆ ನೋಡಿದ. ಹತ್ತನೇ ಹೊಡೆತದ ಬಿಳಿ ಚೆಂಡು ಇನ್ನೂ ಅಲ್ಲೇ ಇತ್ತು. ಅದು ಮೆಲ್ಲನೆ ಅಲುಗಿ, ಯಾರೋ ಕರೆದಂತೆ ಮುಖ ತಿರುಗಿಸಿ, ನಾಲ್ಕು ಬೆರಳು ಗೋಡೆಯ ಕಡೆಗೆ ಜಾರಿ, ಕಾರ್ಡಿನ ನಟ್ಟನಡುವೆ ಹೋಗಿ ನಿಂತಿತು.